ಮತಪತ್ರದಲ್ಲಿ ಹೆಸರೇ ಇಲ್ಲದೆ ಗೆದ್ದ ಜಡ್ಜ್

2016ರ ಜೂನ್ 7. ಕ್ಯಾಲಿಫೋರ್ನಿಯಾದ ಸಾಂತಾ ಕ್ಲಾರಾ ಕೌಂಟಿಯಲ್ಲಿ ಚುನಾವಣೆ. ಆರನ್ ಪರ್ಸ್ಕಿ ಇನ್ನೊಂದು ಅವಧಿಗೆ ಜಡ್ಜ್ ಆದರು. ಮತಪತ್ರದಲ್ಲಿ ಅವರ ಹೆಸರೇ ಇರಲಿಲ್ಲ. ಎದುರಾಳಿ ಇಲ್ಲದ ಜಡ್ಜ್ ಹೆಸರನ್ನು ಅಲ್ಲಿ ಅಚ್ಚೇ ಹಾಕುವುದಿಲ್ಲ. ನಮ್ಮ ಪಂಚಾಯಿತಿಗಳ ಅವಿರೋಧ ಆಯ್ಕೆ ಇದೆಯಲ್ಲ, ಹಾಗೆ. ಅದಕ್ಕೆ ಐದೇ ದಿನ ಮೊದಲು ಅವರು ಕೊಟ್ಟ ಒಂದು ಶಿಕ್ಷೆಗೆ ದೇಶವೇ ಸಿಟ್ಟಾಗಿತ್ತು. ಏನು ಮಾಡುವುದು, ಸ್ಪರ್ಧೆಗೆ ಹೆಸರು ಕೊಡುವ ಗಡುವು ಯಾವತ್ತೋ ಮುಗಿದಿತ್ತು.

ಜಡ್ಜ್‌ಗೂ ಚುನಾವಣೆನಾ ಅಂತ ನಮಗೆ ಅನ್ನಿಸುತ್ತದೆ. ಇಲ್ಲಿ ಹೈಕೋರ್ಟ್ ನಡೆಸುವ ಪರೀಕ್ಷೆ ಬರೆದು ಸಿವಿಲ್ ಜಡ್ಜ್ ಆಗುತ್ತಾರೆ. ಅಮೆರಿಕದಲ್ಲಿ ಮಿಸಿಸಿಪಿ ರಾಜ್ಯ 1832ರಲ್ಲೇ ತನ್ನ ಎಲ್ಲ ಜಡ್ಜ್‌ಗಳನ್ನೂ ಮತದಾರರ ಕೈಗೆ ಒಪ್ಪಿಸಿತು. ಆಮೇಲೆ ಬಹಳ ರಾಜ್ಯಗಳು ಅದೇ ದಾರಿ ಹಿಡಿದವು. ಕ್ಯಾಲಿಫೋರ್ನಿಯಾದಲ್ಲಿ ವಿಚಾರಣಾ ಕೋರ್ಟಿನ ಜಡ್ಜ್ ಪಕ್ಷದ ಹೆಸರಿಲ್ಲದೆ ನಿಲ್ಲಬೇಕು, ಅವಧಿ ಆರು ವರ್ಷ. ಇದು ಕಾಗದದ ಮೇಲಿನ ಮಾತು. ಅವಧಿ ನಡುವೆ ಕುರ್ಚಿ ಖಾಲಿಯಾದರೆ ಗವರ್ನರ್ ತುಂಬುತ್ತಾರೆ. ಕೂತವರ ಎದುರು ನಿಲ್ಲಲು ಯಾವ ವಕೀಲರಿಗೆ ಧೈರ್ಯ? ಸೋತರೆ ನಾಳೆ ಅವರ ಮುಂದೆಯೇ ವಾದ ಮಾಡಬೇಕಲ್ವಾ!

ಪರ್ಸ್ಕಿ ಅದೇ ಕೌಂಟಿಯ ಸರ್ಕಾರಿ ವಕೀಲರಾಗಿದ್ದವರು. 2002ರಲ್ಲಿ ಜಡ್ಜ್ ಸ್ಥಾನಕ್ಕೆ ನಿಂತು ಸೋತರು. ಮರುವರ್ಷ ಗವರ್ನರ್ ಗ್ರೇ ಡೇವಿಸ್ ಅವರನ್ನೇ ನೇಮಿಸಿದರು. ಮತದಾರರು ಬೇಡ ಅಂದವರು ಕಾನೂನಿನ ಪ್ರಕಾರವೇ ಒಳಗೆ ಬಂದರು.

ಇನ್ನು ಆ ಕೇಸು. 2015ರ ಜನವರಿಯ ಒಂದು ರಾತ್ರಿ ಸ್ಟ್ಯಾನ್‌ಫರ್ಡ್ ಕ್ಯಾಂಪಸ್‌ನಲ್ಲಿ ಸೈಕಲ್ ಮೇಲೆ ಹೋಗುತ್ತಿದ್ದ ಇಬ್ಬರು ಸ್ವೀಡನ್ ವಿದ್ಯಾರ್ಥಿಗಳು, ಪ್ರಜ್ಞೆ ಇಲ್ಲದ ಯುವತಿಯ ಮೇಲೆ ಲೈಂಗಿಕ ದೌರ್ಜನ್ಯ ಮಾಡುತ್ತಿದ್ದವನನ್ನು ಅಟ್ಟಿಸಿಕೊಂಡು ಹೋಗಿ ಹಿಡಿದರು. ಅವನು ಈಜುಪಟು ಬ್ರಾಕ್ ಟರ್ನರ್. ಜ್ಯೂರಿ ಮೂರು ಆರೋಪಗಳಲ್ಲಿ ತಪ್ಪಿತಸ್ಥ ಅಂದಿತು. ಸರ್ಕಾರ ಆರು ವರ್ಷ ಕೇಳಿತ್ತು. ಪರ್ಸ್ಕಿ ಕೊಟ್ಟಿದ್ದು ಆರು ತಿಂಗಳು. ಜೈಲಿಗೆ ಹಾಕಿದರೆ ಹುಡುಗನ ಮೇಲೆ ತೀವ್ರ ಪರಿಣಾಮ ಆಗುತ್ತದೆ ಅಂದರು. ಅವನು ಮೂರೇ ತಿಂಗಳಿಗೆ ಹೊರಬಂದ.

ಸ್ಟ್ಯಾನ್‌ಫರ್ಡ್‌ನ ಕಾನೂನು ಪ್ರಾಧ್ಯಾಪಕಿ ಮಿಶೆಲ್ ಡೌಬರ್ ಮುಂದೆ ನಿಂತು ಜಡ್ಜ್‌ರನ್ನು ವಾಪಸ್ ಕರೆಸಲು, ಅಂದರೆ ಅವಧಿ ಮುಗಿಯುವ ಮೊದಲೇ ಜನರ ಮತದಿಂದ ಕುರ್ಚಿಯಿಂದ ಇಳಿಸಲು, ಸಹಿ ಸಂಗ್ರಹ ನಡೆಸಿದರು. ಕ್ಯಾಲಿಫೋರ್ನಿಯಾ ಈ ಹಕ್ಕು ಕೊಟ್ಟಿದ್ದು 1911ರಲ್ಲಿ. ಅದೇ ವರ್ಷ ಅರಿಜೋನಾದ ಕಥೆ ಮಜವಾಗಿದೆ. ಅದರ ಸಂವಿಧಾನದಲ್ಲಿ ಜಡ್ಜ್‌ಗಳನ್ನು ವಾಪಸ್ ಕರೆಸುವ ಹಕ್ಕು ಇದೆ ಅಂತ ಅಧ್ಯಕ್ಷ ಟಾಫ್ಟ್ ಅದಕ್ಕೆ ರಾಜ್ಯದ ಪಟ್ಟವನ್ನೇ ತಡೆಹಿಡಿದರು. ಅರಿಜೋನಾ ಆ ಸಾಲು ತೆಗೆದುಹಾಕಿ ರಾಜ್ಯವಾಯಿತು. 1912ರಲ್ಲಿ ಸುಮ್ನೆ ಅದನ್ನು ವಾಪಸ್ ಸೇರಿಸಿಕೊಂಡಿತು.

ಪರ್ಸ್ಕಿ ತಪ್ಪು ನಡತೆ ತೋರಿಲ್ಲ ಅಂತ ಜಡ್ಜ್‌ಗಳ ಮೇಲ್ವಿಚಾರಣಾ ಆಯೋಗ 2016ರ ಡಿಸೆಂಬರಿನಲ್ಲಿ ಹೇಳಿತು. ಕೌಂಟಿಯ ಮುಖ್ಯ ಸರ್ಕಾರಿ ವಕೀಲ ಜೆಫ್ ರೋಸನ್ ಶಿಕ್ಷೆಯನ್ನು ಟೀಕಿಸಿದರು, ವಾಪಸಾತಿಯನ್ನೂ ವಿರೋಧಿಸಿದರು. ಶಿಕ್ಷೆ ಕಡಿಮೆಯಾಯಿತು ಅಂತಲೇ ನನ್ನ ಅನಿಸಿಕೆ. ಆದರೆ ಮತಕ್ಕೆ ಹೆದರುವ ಜಡ್ಜ್ ಬಿಗಿಯಾಗುವುದು ಟರ್ನರ್‌ನಂಥವರ ಮೇಲಲ್ಲ, ವಕೀಲರಿಗೆ ಕೊಡಲು ದುಡ್ಡಿಲ್ಲದವರ ಮೇಲೇ ಜಾಸ್ತಿ ಅನ್ನುವ ಭಯ ಸುಳ್ಳಲ್ಲ.

2018ರ ಜೂನ್ 5ರಂದು ಮತಪತ್ರದಲ್ಲಿ ಅವರ ಹೆಸರು ಬಂತು. ನೂರಕ್ಕೆ 60ಕ್ಕೂ ಹೆಚ್ಚು ಮಂದಿ ತೆಗೆಯಿರಿ ಅಂದರು. 1932ರ ನಂತರ ಕ್ಯಾಲಿಫೋರ್ನಿಯಾದಲ್ಲಿ ಹೀಗೆ ಕುರ್ಚಿ ಬಿಟ್ಟ ಮೊದಲ ಜಡ್ಜ್ ಅವರು. ಮರುವರ್ಷ ಒಂದು ಹೈಸ್ಕೂಲಿನಲ್ಲಿ ಹುಡುಗಿಯರ ಟೆನಿಸ್ ಕೋಚ್ ಆದರು. ಸುದ್ದಿ ಹಬ್ಬಿ ಗಲಾಟೆಯಾಯಿತು. ಆ ಕೆಲಸವೂ ಹೋಯಿತು.