ನೆನಪಿನ ಮಾತ್ರೆ ಕೇಳಿಕೊಂಡು ಬರುವವರಿಗೆ

"ಮೇಡಂ, ನೆನಪಿನ ಶಕ್ತಿಗೆ ಏನಾದರೂ ಮಾತ್ರೆ ಬರೆದುಕೊಡಿ." ವಾರಕ್ಕೆ ಮೂರ್ನಾಲ್ಕು ಜನ ಹೀಗೆ ಕೇಳುತ್ತಾರೆ. ನಾನು ಮನಶ್ಶಾಸ್ತ್ರಜ್ಞೆ, ಮಾತ್ರೆ ಬರೆಯುವ ಅಧಿಕಾರವೇ ನನಗಿಲ್ಲ. ಹಾಗಂದರೆ "ಹೋಗಲಿ, ಬ್ರಾಹ್ಮಿ ತಗೊಳ್ಳಲಾ?" ಅನ್ನುತ್ತಾರೆ. ಕೇಳುವವರು ಎಪ್ಪತ್ತು ದಾಟಿದವರಲ್ಲ. ಮೂವತ್ತೈದು, ನಲವತ್ತರ ವಯಸ್ಸು. ಇಡೀ ತಂಡವನ್ನು ನಡೆಸುವವರು, ಮನೆ ಸಾಲದ ಕಂತು ತಪ್ಪದೆ ಕಟ್ಟುವವರು.

ಈಚೆಗೆ ಬಂದವರೊಬ್ಬರ ಕಥೆ ಕೇಳಿ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಸಾಫ್ಟ್‌ವೇರ್ ಕೆಲಸ. ಬೆಳಗಿನ ಮೀಟಿಂಗ್‌ನಲ್ಲಿ ಒಪ್ಪಿಕೊಂಡದ್ದು ಸಂಜೆಗೆ ನೆನಪಿರುವುದಿಲ್ಲ. ಹೆಂಡತಿ ತರಲು ಹೇಳಿದ ಕೊತ್ತಂಬರಿ ಸೊಪ್ಪು ವಾರದಲ್ಲಿ ಮೂರು ಸಲ ಮರೆತಿದೆ. ಅವರ ಅಜ್ಜನಿಗೆ ಮರೆವಿನ ಕಾಯಿಲೆ ಇತ್ತಂತೆ. ತನಗೂ ಅದೇ ಶುರುವಾಯಿತು ಅಂತ ರಾತ್ರಿ ನಿದ್ದೆ ಬಿಟ್ಟಿದ್ದರು.

ಪರೀಕ್ಷೆ ಮಾಡಿದೆ. ಏಳು ಅಂಕಿ ಹೇಳಿದರೆ ಏಳನ್ನೂ ತಿರುಗಿ ಹೇಳಿದರು. ಒಂದು ಸಣ್ಣ ಕಥೆ ಓದಿದೆ, ಅರ್ಧ ಗಂಟೆ ಬಿಟ್ಟು ಕೇಳಿದೆ, ನಾನೇ ಮರೆತಿದ್ದ ಒಂದು ವಿವರವನ್ನೂ ಸೇರಿಸಿ ಹೇಳಿದರು. ಆಮೇಲೆ ಕೇಳಿದೆ, ಮೀಟಿಂಗ್ ನಡೆಯುವಾಗ ಏನು ಮಾಡ್ತಿದ್ರಿ? "ಮೀಟಿಂಗಲ್ಲೇ ಇದ್ದೆ ಮೇಡಂ. ಹಾಗೇ ಎರಡು ಮೇಲ್ ಮುಗಿಸಿದೆ, ಪಕ್ಕದಲ್ಲಿ ಒಂದು ಚಾಟ್ ಓಡ್ತಿತ್ತು." ಕೊತ್ತಂಬರಿ ಸೊಪ್ಪು? "ಆಗ ಕಾಲ್‌ನಲ್ಲಿದ್ದೆ. ಅವಳಿಗೆ ಹ್ಞೂಂ ಅಂದೆ."

ನಾನು ದಿನಾ ಹೇಳಿ ಹೇಳಿ ಸುಸ್ತಾದ ಮಾತು ಇದೊಂದೇ. ಆ ವಿಷಯ ನಿಮ್ಮ ತಲೆಯಿಂದ ಹೋಗಿಲ್ಲ. ತಲೆಯೊಳಗೆ ಬಂದೇ ಇಲ್ಲ. ಕಿವಿಗೆ ಬಿದ್ದ ಮಾತು ನೆನಪಾಗಿ ಉಳಿಯಬೇಕಾದರೆ ಅದರ ಮೇಲೆ ಒಂದಿಷ್ಟು ಹೊತ್ತು ಗಮನ ನಿಲ್ಲಬೇಕು. ಗಮನ ಮೇಲ್ ಕಡೆ ಇತ್ತು. ಈಗ ನೆನಪು ಕೈಕೊಟ್ಟಿತು ಅನ್ನುವುದು, ಬ್ಯಾಂಕಿಗೆ ಕಟ್ಟದೇ ಇರುವ ದುಡ್ಡು ಖಾತೆಯಿಂದ ಕಾಣೆಯಾಗಿದೆ ಅಂತ ಮ್ಯಾನೇಜರ್ ಹತ್ತಿರ ಜಗಳಕ್ಕೆ ಹೋದ ಹಾಗೆ.

ಎಲ್ಲರೂ ತಲೆಯಾಡಿಸುತ್ತಾರೆ. ತಲೆಯಾಡಿಸಿದ ಮೇಲೆ ಹೇಳುತ್ತಾರೆ, "ಆದ್ರೆ ನನಗೆ ಎರಡೂ ಒಟ್ಟಿಗೆ ಮಾಡೋಕಾಗುತ್ತೆ ಮೇಡಂ." ಆಗ ನಾನು ಗಡಿಯಾರ ತೆಗೆಯುತ್ತೇನೆ.

ನೀವೂ ಮಾಡಿ ನೋಡಿ. ಒಂದರಿಂದ ಹದಿಮೂರರವರೆಗೆ ಜೋರಾಗಿ ಎಣಿಸಿ. ಆಮೇಲೆ ಅ ಇಂದ ಔ ವರೆಗೆ ಹೇಳಿ. ಎರಡೂ ಸರಾಗ, ಒಂದನೇ ಕ್ಲಾಸಿನ ಪಾಠ. ಈಗ ಎರಡನ್ನೂ ಹೆಣೆದು ಹೇಳಿ: ಒಂದು-ಅ, ಎರಡು-ಆ, ಮೂರು-ಇ. ನಾಲ್ಕೈದರವರೆಗೆ ಗಾಡಿ ಓಡುತ್ತದೆ. ಏಳಕ್ಕೆ ಋ ಬರಬೇಕು, ಹೆಚ್ಚಿನವರು ಅಲ್ಲೇ ನಿಲ್ಲುತ್ತಾರೆ. ಕೆಲವರು ಋ ಬಿಟ್ಟು ಎ ಗೆ ಹಾರುತ್ತಾರೆ. ನಮ್ಮ ಸಾಫ್ಟ್‌ವೇರ್ ಮಹಾಶಯರು ಒಂಬತ್ತರ ಹತ್ತಿರ ಕಣ್ಣು ಮುಚ್ಚಿಕೊಂಡು ಬೆರಳು ಮಡಚತೊಡಗಿದರು. ಬಿಡಿಬಿಡಿಯಾಗಿ ಹತ್ತು ಸೆಕೆಂಡಿನ ಒಳಗೆ ಮುಗಿದದ್ದು, ಹೆಣೆದಾಗ ಅರ್ಧ ನಿಮಿಷ ದಾಟಿತು. ನಮ್ಮ ವೃತ್ತಿಯಲ್ಲಿ ಅಂಕಿ ಮತ್ತು ಅಕ್ಷರಗಳನ್ನು ಗೆರೆ ಎಳೆದು ಸೇರಿಸುವ ಹಳೆಯ ಪರೀಕ್ಷೆಯೊಂದಿದೆ. ಇದು ಅದರ ತಮ್ಮ ಅಷ್ಟೇ. ಮನೆಯಲ್ಲಿ ಆಡಿಸಿ ಯಾರಿಗೂ ರೋಗದ ಹಣೆಪಟ್ಟಿ ಅಂಟಿಸಬೇಡಿ.

ಆ ಹೆಚ್ಚುವರಿ ಸಮಯ ಎಲ್ಲಿಗೆ ಹೋಯಿತು? ಬದಲಾಯಿಸುವುದಕ್ಕೆ. ಎಣಿಕೆಯ ದಾರಿ ಬಿಡಬೇಕು, ಅಕ್ಷರದ ದಾರಿ ಹಿಡಿಯಬೇಕು, ಎಲ್ಲಿ ಬಿಟ್ಟಿದ್ದೆ ಅಂತ ಹುಡುಕಬೇಕು. ಅಮೆರಿಕದ ಮನಶ್ಶಾಸ್ತ್ರಜ್ಞ ಆರ್ಥರ್ ಜರ್ಸಿಲ್ಡ್ 1927ರಲ್ಲೇ ಇಂಥ ಪ್ರಯೋಗ ಮಾಡಿ ತೋರಿಸಿದ್ದರು. 2001ರಲ್ಲಿ ರೂಬಿನ್‌ಸ್ಟೈನ್, ಮೇಯರ್, ಇವಾನ್ಸ್ ಎಂಬ ಮೂವರು ಸಂಶೋಧಕರು, ಕೆಲಸ ಜಟಿಲವಾದಷ್ಟೂ ಈ ನಷ್ಟ ಜಾಸ್ತಿ ಎಂದು ತೋರಿಸಿದರು. ಮಲ್ಟಿಟಾಸ್ಕಿಂಗ್ ಅನ್ನುವ ಪದವೇ 1960ರ ದಶಕದ ಕಂಪ್ಯೂಟರ್ ಜಗತ್ತಿನದು. ಒಂದೇ ಪ್ರೊಸೆಸರ್ ಇದ್ದ ಆ ಯಂತ್ರವೂ ಸರದಿ ಹಚ್ಚಿಯೇ ಕೆಲಸ ಮಾಡುತ್ತಿತ್ತು. ವೇಗವಾಗಿ ಸರದಿ ಬದಲಾಗುತ್ತಿದ್ದರಿಂದ ಒಟ್ಟಿಗೆ ನಡೆದಂತೆ ಕಾಣುತ್ತಿತ್ತು.

"ನಮ್ಮಮ್ಮ ನಾಲ್ಕು ಕೆಲಸ ಒಟ್ಟಿಗೆ ಮಾಡ್ತಿದ್ರಲ್ಲ?" ಮಾಡ್ತಿದ್ದರು. ಸೊಪ್ಪು ಬಿಡಿಸುವುದು, ದೋಸೆ ಮಗುಚುವುದು ನಲವತ್ತು ವರ್ಷದಿಂದ ಕೈಗೆ ಗೊತ್ತು, ತಲೆ ಬೇಡ. ಅದರ ಜೊತೆಗೆ ಪಕ್ಕದ ಮನೆಯವರ ಹತ್ತಿರ ಮಾತು ನಡೆಯುತ್ತದೆ. ಆದರೆ ಆ ಮಾತು ಮಗಳ ಮದುವೆ ವಿಷಯಕ್ಕೆ ತಿರುಗಿದ ದಿನ ಸಾರಿಗೆ ಉಪ್ಪು ಎರಡು ಸಲ ಬೀಳುತ್ತದೆ.

ನಿವೃತ್ತ ಮೇಷ್ಟ್ರೊಬ್ಬರು, ಎಂಟು ಜನರ ಸವಾಲುಗಳನ್ನು ಒಬ್ಬರೇ ನಿಭಾಯಿಸುವ ಅಷ್ಟಾವಧಾನವನ್ನೇ ಮುಂದಿಟ್ಟರು. ಈ ವಾದ ನನಗೆ ಇಷ್ಟ, ಯಾಕೆಂದರೆ ಶತಾವಧಾನಿ ಆರ್. ಗಣೇಶ್ ಅವರ ಅವಧಾನ ಕೂತು ನೋಡಿದ್ದೇನೆ. ಅಲ್ಲಿ ಪೃಚ್ಛಕರು, ಅಂದರೆ ಪ್ರಶ್ನೆ ಹಾಕುವವರು, ಎಂಟು ಜನ, ಸರಿ. ಆದರೆ ಪದ್ಯದ ಪೃಚ್ಛಕರಿಗೆ ಒಂದು ಸುತ್ತಿನಲ್ಲಿ ಸಿಗುವುದು ಒಂದೇ ಪಾದ, ಪದ್ಯದ ಒಂದು ಸಾಲು. ಸಮಸ್ಯೆಯವರಿಗೆ (ಒಂದು ಸಾಲು ಕೊಟ್ಟು ಪದ್ಯ ಪೂರ್ತಿ ಮಾಡಿಸುವವರು) ಒಂದು ಪಾದ ಕಟ್ಟಿ ಮುಗಿಸಿದ ಮೇಲೆ ಅವಧಾನಿ ದತ್ತಪದಿಯವರ (ಕೊಟ್ಟ ಪದಗಳನ್ನು ಸೇರಿಸಿ ಪದ್ಯ ಕಟ್ಟಿಸುವವರು) ಕಡೆ ತಿರುಗುತ್ತಾರೆ. ನಡುವೆ ಬೇಕಾದಾಗ ಬಾಯಿ ಹಾಕಿ, ಸಂಬಂಧವಿಲ್ಲದ್ದನ್ನು ಕೇಳಿ ಗಮನ ಕೆಡಿಸುವುದು ಅಪ್ರಸ್ತುತ ಪ್ರಸಂಗಿಯ ಕೆಲಸ. ಅದನ್ನು ನಿಭಾಯಿಸಲು ವರ್ಷಗಟ್ಟಲೆ ಸಾಧನೆ ಬೇಕು. ನಿಮ್ಮ ಫೋನಿನಲ್ಲಿ ಅಂಥ ಪ್ರಸಂಗಿಗಳ ಗ್ರೂಪೇ ನಲವತ್ತಿವೆ ಮೇಷ್ಟ್ರೇ ಅಂದೆ. ಅವಧಾನ ಅಂದರೇನೇ ಗಮನ ಅಂತ ಅವರೇ ನನಗೆ ಪಾಠ ಮಾಡಿ ಹೋದರು.

ಇನ್ನೊಂದು ಮಾತು ಕೇಳಿದರೆ ಮಾತ್ರ ನನಗೆ ಸಿಟ್ಟು ಬರುತ್ತದೆ. "ಹೆಂಗಸರಿಗೆ ಮಲ್ಟಿಟಾಸ್ಕಿಂಗ್ ಹುಟ್ಟುಗುಣ ಅಲ್ವಾ ಮೇಡಂ?" ಇದನ್ನು ಹೇಳುವ ಗಂಡ ಸಾಮಾನ್ಯವಾಗಿ ಫೋನ್ ನೋಡುತ್ತಿರುತ್ತಾನೆ. ಪಕ್ಕದಲ್ಲಿ ಕೂತ ಹೆಂಡತಿ ಮಗುವಿಗೆ ಬಿಸ್ಕತ್ತು ಕೊಡುತ್ತಾ, ಆಫೀಸಿನ ಮೆಸೇಜಿಗೆ ಉತ್ತರಿಸುತ್ತಾ, ನನ್ನ ಪ್ರಶ್ನೆಗೂ ಉತ್ತರ ಕೊಡುತ್ತಿರುತ್ತಾಳೆ. 2019ರಲ್ಲಿ ಜರ್ಮನಿಯ ಸಂಶೋಧಕರು 48 ಗಂಡಸರು, 48 ಹೆಂಗಸರನ್ನು ಪರೀಕ್ಷಿಸಿದರು. ವ್ಯತ್ಯಾಸ ಕಾಣಲಿಲ್ಲ. ಅದು ಹುಟ್ಟುಗುಣ ಅಲ್ಲಪ್ಪ, ಮೇಲೆ ಬಿದ್ದ ಹೊರೆ. ಆಕೆಗೆ ನಾನು ಒಂದೊಂದೇ ಕೆಲಸ ಮಾಡಿ ಅಂತ ಉಪದೇಶ ಮಾಡುವುದಿಲ್ಲ. ಬಿಸ್ಕತ್ತಿನ ಪೊಟ್ಟಣ ಗಂಡನ ಕೈಗೆ ಕೊಡಿ ಅನ್ನುತ್ತೇನೆ.

ವೃತ್ತಿಯವಳಾಗಿ ಕೆಲವು ಎಚ್ಚರಿಕೆ ಹೇಳಲೇಬೇಕು. ಮರೆವೆಲ್ಲ ಗಮನದ ದೋಷವಲ್ಲ. ಬಿ12 ಕೊರತೆ, ಥೈರಾಯ್ಡ್, ನಿದ್ದೆಗೇಡು, ಖಿನ್ನತೆ ಇವೂ ಹೀಗೇ ಕಾಣಿಸಿಕೊಳ್ಳುತ್ತವೆ. ಮೊದಲು ವೈದ್ಯರನ್ನು ಕಾಣಿ. ಅರವತ್ತು ದಾಟಿದವರು ಹಳೆಯ ದಾರಿಯನ್ನೇ ತಪ್ಪುತ್ತಿದ್ದರೆ ಈ ಅಂಕಣ ಓದುತ್ತಾ ಕೂರಬೇಡಿ. ಸಂಶೋಧನೆಯೂ ಎಲ್ಲ ಕಡೆ ಖಚಿತವಾಗಿಲ್ಲ. ಹಲವು ಪರದೆ ಒಟ್ಟಿಗೆ ನೋಡುವ ಅಭ್ಯಾಸ ಇರುವವರು ಬೇಡದ್ದನ್ನು ಬದಿಗಿಡುವುದರಲ್ಲಿ ಹಿಂದೆ ಎಂದು 2009ರಲ್ಲಿ ಸ್ಟ್ಯಾನ್‌ಫರ್ಡ್‌ನವರು ಹೇಳಿದರು. ನಂತರದ ಪರೀಕ್ಷೆಗಳಲ್ಲಿ ಅದು ಒಮ್ಮೆ ಕಂಡಿದೆ, ಒಮ್ಮೆ ಕಂಡಿಲ್ಲ. ಅಭ್ಯಾಸದಿಂದ ಗಮನ ಕೆಟ್ಟಿತೋ, ಚಂಚಲರಿಗೇ ಆ ಅಭ್ಯಾಸವೋ, ಅದೂ ಇತ್ಯರ್ಥವಾಗಿಲ್ಲ.

"ನನ್ನ ಕೆಲಸ ಬೇಗ ಮುಗಿಯುತ್ತಲ್ಲ" ಅನ್ನುವವರಿಗೂ ಪೂರ್ತಿ ಸುಳ್ಳು ಅನ್ನಲಾರೆ. ಸಂಶೋಧಕಿ ಗ್ಲೋರಿಯಾ ಮಾರ್ಕ್ ಮತ್ತು ಸಂಗಡಿಗರು 2008ರಲ್ಲಿ ನೋಡಿದ್ದು ಅದನ್ನೇ. ನಡುನಡುವೆ ಅಡ್ಡಿ ಬಂದವರು ಕೆಲಸವನ್ನು ಬೇಗ ಮುಗಿಸಿದರು, ಗುಣಮಟ್ಟವೂ ಕೆಡಲಿಲ್ಲ. ಆದರೆ ಒತ್ತಡ, ಹತಾಶೆ ಜಾಸ್ತಿಯಾಗಿತ್ತು. ನನ್ನ ಕೋಣೆಗೆ ಬರುವವರು ಹೇಳುವುದೂ ಹೀಗೇ. ಎಲ್ಲ ಮುಗಿದಿರುತ್ತದೆ, ಸಂಜೆ ಆರಕ್ಕೆ ಮಗು ಕರೆದರೆ ರೇಗುತ್ತಾರೆ.

ನಾನೇನು ಸಾಚಾ ಅಲ್ಲ. ಹೋದ ತಿಂಗಳು ಫೋನಿನಲ್ಲಿ ವರದಿ ಹೇಳಿ ಬರೆಸುತ್ತಾ ಇಡ್ಲಿ ಪಾತ್ರೆ ಒಲೆ ಮೇಲಿಟ್ಟೆ, ತಳಕ್ಕೆ ನೀರು ಹಾಕದೆ. ವಾಸನೆ ಬಂದಾಗಲೂ ಪಕ್ಕದ ಮನೆಯದು ಅಂದುಕೊಂಡೆ.

ಆ ಸಾಫ್ಟ್‌ವೇರ್ ಮಹಾಶಯರಿಗೆ ಎರಡೇ ಹೇಳಿ ಕಳಿಸಿದೆ. ಮೀಟಿಂಗ್‌ನಲ್ಲಿ ಮೇಲ್ ಮುಚ್ಚಿಡಿ. ಮಾಡುತ್ತಿರುವ ಕೆಲಸ ಬಿಟ್ಟು ಏಳಲೇಬೇಕಾದರೆ, ತಿರುಗಿ ಬಂದು ಮೊದಲು ಏನು ಮಾಡಬೇಕು ಅಂತ ಒಂದು ಸಾಲು ಬರೆದಿಟ್ಟು ಏಳಿ. ಕೈಯಲ್ಲಿದ್ದ ಕೆಲಸ ಅರ್ಧಕ್ಕೆ ಬಿಟ್ಟರೆ ಮನಸ್ಸಿನ ಒಂದು ತುಣುಕು ಅಲ್ಲೇ ಅಂಟಿಕೊಂಡಿರುತ್ತದೆ. ಸೋಫಿ ಲೆರಾಯ್ ಎಂಬ ಸಂಶೋಧಕಿ ಇದರ ಮೇಲೇ ಕೆಲಸ ಮಾಡಿದ್ದಾರೆ, ಆ ಒಂದು ಸಾಲಿನ ಉಪಾಯವೂ ಅವರ ಪ್ರಯೋಗಗಳಿಂದಲೇ ಬಂದದ್ದು. ಎಲ್ಲರಿಗೂ ಇಷ್ಟೇ ಸಾಲುತ್ತದೆ ಅಂತಲ್ಲ.

ಎರಡು ವಾರ ಬಿಟ್ಟು ಅವರ ಫೋನ್ ಬಂತು. ದನಿ ತುಂಬಾ ಗೆಲುವಾಗಿತ್ತು. "ಮೇಡಂ, ಈಗ ಎಷ್ಟೋ ಪರವಾಗಿಲ್ಲ. ಕೊತ್ತಂಬರಿ ಮರೀತಿಲ್ಲ." ಹಿಂದೆ ಬಸ್ಸಿನ ಹಾರ್ನ್ ಕೇಳಿಸಿತು. ಎಲ್ಲಿದ್ದೀರಿ ಅಂದೆ. "ಬೈಕಲ್ಲಿ ಮೇಡಂ. ಫೋನ್ ಹೆಲ್ಮೆಟ್ ಒಳಗಿದೆ, ಎರಡು ಕೈಯೂ ಫ್ರೀ." ನಾನು ಫೋನ್ ಇಟ್ಟುಬಿಟ್ಟೆ. ಹತ್ತು ನಿಮಿಷದ ಮೇಲೆ ಮತ್ತೆ ಮಾಡಿದರು. ಈ ಸಲ ಹಿಂದೆ ಕೇಳಿಸಿದ್ದು ಕುಕ್ಕರ್ ಕೂಗು.