ಶ್ವಾಸನಾಳದೊಳಗೆ ದೀಪ ಇಟ್ಟವರು

ಮಗು ಕಡಲೆಬೀಜ ತಿನ್ನುತ್ತಾ ನಗುತ್ತದೆ, ಆಮೇಲೆ ಒಂದೇ ಸಮನೆ ಕೆಮ್ಮುತ್ತದೆ. ನೆತ್ತಿಗೆ ಹತ್ತಿತು ಅಂತ ನಾವು ತಲೆ ತಟ್ಟುತ್ತೇವೆ. ಕೆಮ್ಮು ನಿಂತರೆ ಎಲ್ಲರೂ ಮರೆಯುತ್ತಾರೆ. ಬೀಜ ಮಾತ್ರ ಕೆಲವೊಮ್ಮೆ ಶ್ವಾಸನಾಳದ ಕವಲಿನಲ್ಲಿ ಹಾಯಾಗಿ ಕೂತಿರುತ್ತದೆ. ಎಕ್ಸ್-ರೇಯಲ್ಲಿ ಬೀಜ ಕಾಣುವುದಿಲ್ಲ. ಇಣುಕಿಯೇ ನೋಡಬೇಕು, ಇಣುಕಲು ಬೆಳಕು ಬೇಕು. ಆ ದೀಪವನ್ನು ಎಲ್ಲಿಡುವುದು ಅನ್ನುವ ತಲೆನೋವಿನಿಂದಲೇ ಬ್ರಾಂಕೋಸ್ಕೋಪಿ, ಅಂದರೆ ಶ್ವಾಸನಾಳದೊಳಗೆ ಕೊಳವೆ ಇಳಿಸಿ ನೋಡುವ ವಿದ್ಯೆ, ಬೆಳೆದದ್ದು.

ಶುರು ಮಾಡಿದವರು ಡಾಕ್ಟರಲ್ಲ, ಸಂಗೀತದ ಮೇಷ್ಟ್ರು. ದನಿ ಹೇಗೆ ಹುಟ್ಟುತ್ತದೆ ಅಂತ ನೋಡುವ ಹುಚ್ಚಿನಲ್ಲಿ ಮಾನುವೆಲ್ ಗಾರ್ಸಿಯಾ 1854ರಲ್ಲಿ ಹಲ್ಲಿನ ಡಾಕ್ಟರ ಪುಟ್ಟ ಕನ್ನಡಿಯನ್ನು ತಮ್ಮ ಗಂಟಲೊಳಗೆ ಇಟ್ಟುಕೊಂಡು, ಇನ್ನೊಂದು ಕೈಗನ್ನಡಿಯಿಂದ ಬಿಸಿಲನ್ನು ಅದರ ಮೇಲೆ ಬಿಟ್ಟು, ತಮ್ಮದೇ ಸ್ವರತಂತುಗಳು ತೆರೆದು ಮುಚ್ಚುವುದನ್ನು ನೋಡಿದರು. ಅವರಿಗೆ ಸೂರ್ಯನೇ ದೀಪ. ಮೋಡ ಕವಿದರೆ ಕೆಲಸ ಬಂದ್, ಅಲ್ವಾ?

ಸ್ವರತಂತು ದಾಟಿ ಕೆಳಗಿಳಿಯಲು ಇನ್ನೂ 43 ವರ್ಷ ಬೇಕಾಯಿತು. 1897ರಲ್ಲಿ ಜರ್ಮನಿಯ ಫ್ರೈಬುರ್ಗ್‌ನ ಗುಸ್ತಾವ್ ಕಿಲಿಯನ್ ಬಳಿ ಒಬ್ಬ ರೈತ ಬಂದ. ಹಂದಿಮಾಂಸ ತಿನ್ನುವಾಗ ಮೂಳೆಚೂರು ಶ್ವಾಸನಾಳದ ಬಲಗಡೆಯ ಕವಲಿಗೆ ಜಾರಿತ್ತು. ದೊಡ್ಡವರಲ್ಲಿ ಆ ಕಡೆಯ ಕವಲು ಜಾಸ್ತಿ ಅಗಲ, ಜಾಸ್ತಿ ನೆಟ್ಟಗೆ, ಹಾಗಾಗಿ ಜಾರಿದ್ದೆಲ್ಲ ಸಾಮಾನ್ಯವಾಗಿ ಬಲಕ್ಕೇ ಹೋಗುತ್ತದೆ. ಕಿಲಿಯನ್ ಗಂಟಲಿಗೆ ಕೊಕೇನ್ ಸವರಿ ಮರಗಟ್ಟಿಸಿ, ನೆಟ್ಟಗಿನ ಲೋಹದ ಕೊಳವೆ ಇಳಿಸಿ, ಚಿಮಟದಿಂದ ಮೂಳೆಯನ್ನು ಹಿಡಿದೆಳೆದರು. ರೋಗಿ ಎಚ್ಚರವಾಗಿಯೇ ಇದ್ದ. ದೀಪ ಇನ್ನೂ ಹೊರಗೆ, ಡಾಕ್ಟರ ಕಡೆಯೇ ಇತ್ತು.

ಅದನ್ನು ಕೊಳವೆಯ ತುದಿಗೆ ಒಯ್ದವರು ಅಮೆರಿಕದ ಶೆವಲಿಯರ್ ಜಾಕ್ಸನ್. 1904ರ ಹೊತ್ತಿಗೆ ಅವರ ಕೊಳವೆಯ ಒಳತುದಿಯಲ್ಲಿ ಪುಟ್ಟ ಬಲ್ಬ್ ಉರಿಯುತ್ತಿತ್ತು. ಜನರ ಗಂಟಲು, ಅನ್ನನಾಳ, ಶ್ವಾಸನಾಳದಿಂದ ತೆಗೆದದ್ದನ್ನೆಲ್ಲ ಈ ಮನುಷ್ಯ ಜೋಪಾನವಾಗಿ ಎತ್ತಿಟ್ಟರು: ಪಿನ್ನು, ಗುಂಡಿ, ನಾಣ್ಯ, ಬಾಯಿ ತೆರೆದ ಸೇಫ್ಟಿ ಪಿನ್ನು. ಒಟ್ಟು 2,374 ವಸ್ತುಗಳು ಈಗಲೂ ಫಿಲಡೆಲ್ಫಿಯಾದ ಮ್ಯೂಟರ್ ಮ್ಯೂಸಿಯಂನ ಡ್ರಾಯರುಗಳಲ್ಲಿವೆ.

ಆದರೆ ನೆಟ್ಟಗಿನ ಕೊಳವೆ ಎಷ್ಟು ದೂರ ಹೋದೀತು? ಶ್ವಾಸಕೋಶ ತಲೆಕೆಳಗಾದ ಮರ. ಕಾಂಡದವರೆಗೆ ಸರಿ, ಮೇಲಿನ ಕೊಂಬೆಗಳಿಗೆ ತಿರುಗಲು ಬೆಳಕೇ ಬಾಗಬೇಕಿತ್ತು.

ಬೆಳಕು ಬಾಗುವುದನ್ನು ಲಂಡನ್ನಿನಲ್ಲಿ ಭೌತವಿಜ್ಞಾನಿ ಜಾನ್ ಟಿಂಡಾಲ್ ತೋರಿಸಿದ್ದು ಗಾರ್ಸಿಯಾ ಕನ್ನಡಿ ಹಿಡಿದ ಅದೇ 1854ರಲ್ಲಿ. ತೂತಿನಿಂದ ಬಾಗಿ ಬೀಳುವ ನೀರಿನ ಜೊತೆಗೇ ಬೆಳಕೂ ಬಾಗಿ ಬಂತು. (ಜಿನೀವಾದ ಕೊಲಾಡೊನ್ ಇದನ್ನು ಮೊದಲೇ ಮಾಡಿದ್ದರು, ಹೆಸರು ಮಾತ್ರ ಟಿಂಡಾಲ್‌ಗೆ ಬಂತು.) ಸರಿಯಾಗಿ ನೂರು ವರ್ಷದ ಮೇಲೆ, 1954ರಲ್ಲಿ, ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರೀಂದರ್ ಸಿಂಗ್ ಕಪಾನಿ ಮತ್ತು ಹೆರಾಲ್ಡ್ ಹಾಪ್ಕಿನ್ಸ್ ಗಾಜಿನ ಎಳೆಗಳ ಕಟ್ಟಿನ ಮೂಲಕ ಚಿತ್ರವನ್ನೇ ಸಾಗಿಸಿದರು. ಹೀಗೆ ಎಳೆಯಲ್ಲಿ ಬೆಳಕು ಸಾಗಿಸುವ ಫೈಬರ್ ಆಪ್ಟಿಕ್ಸ್‌ಗೆ 2009ರಲ್ಲಿ ನೊಬೆಲ್ ಬಂದಾಗ ಚಾರ್ಲ್ಸ್ ಕಾವೊ ಹೆಸರಿತ್ತು, ಕಪಾನಿ ಹೆಸರಿರಲಿಲ್ಲ. ನನಗಂತೂ ಅದು ಇನ್ನೂ ಚುಚ್ಚುತ್ತದೆ.

ಪೊರಕೆ ಕಡ್ಡಿಗಳ ಹಾಗೆ ಸಾವಿರಾರು ಎಳೆಗಳನ್ನು ಒಟ್ಟಿಗೆ ಕಟ್ಟಿ, ಎರಡೂ ತುದಿಯಲ್ಲಿ ಅವುಗಳ ಜಾಗ ಅದಲುಬದಲಾಗದ ಹಾಗೆ ನೋಡಿಕೊಂಡರೆ ಒಂದೊಂದು ಎಳೆ ಚಿತ್ರದ ಒಂದೊಂದು ಚುಕ್ಕಿ ಹೊತ್ತು ತರುತ್ತದೆ. ಟೋಕಿಯೊದ ಶಿಗೆಟೊ ಇಕೆಡಾ ಇದನ್ನೇ ಬಳಸಿ 1966ರಲ್ಲಿ ಬಾಗುವ ಬ್ರಾಂಕೋಸ್ಕೋಪ್ ತೋರಿಸಿದರು. ದೀಪ ಮತ್ತೆ ಹೊರಗೆ ಬಂತು, ಬೆಳಕು ಮಾತ್ರ ಒಳಗೆ ಹೋಯಿತು, ಬಿಸಿ ಬಲ್ಬಿನ ಕಾಟ ತಪ್ಪಿತು. ಒಂದೇ ಕಿರಿಕಿರಿ, ಬಗ್ಗಿಸಿ ಬಗ್ಗಿಸಿ ಎಳೆ ಮುರಿದರೆ ಆ ಜಾಗದಲ್ಲಿ ಕರಿ ಚುಕ್ಕೆ. ಹಳೆಯ ಸ್ಕೋಪಿನಲ್ಲಿ ಶ್ವಾಸನಾಳದ ಗುಲಾಬಿ ಗೋಡೆಯ ಮೇಲೆ ಕರಿ ಎಳ್ಳು ಚೆಲ್ಲಿದ ಹಾಗೆ ಕಾಣುತ್ತಿತ್ತು. 1980ರ ದಶಕದ ಕೊನೆಗೆ ತುದಿಯಲ್ಲೇ ಪುಟ್ಟ ಕ್ಯಾಮೆರಾ ಚಿಪ್ ಬಂತು, ಚುಕ್ಕೆ ಹೋಯಿತು. ಈಗ ಒಮ್ಮೆ ಬಳಸಿ ಎಸೆಯುವ ಸ್ಕೋಪುಗಳ ತುದಿಯಲ್ಲಿ ಎಲ್‌ಇಡಿ ಇದೆ, ಅಂದರೆ ಜಾಕ್ಸನ್ ಇಟ್ಟ ಜಾಗಕ್ಕೇ ದೀಪ ವಾಪಸ್.

ಅಷ್ಟರಲ್ಲಿ ಬೆಳಕಿಗೆ ಬೇರೆ ಕೆಲಸವೂ ಸಿಕ್ಕಿತ್ತು. ಫ್ರಾನ್ಸಿನ ಮಾರ್ಸೆಯಲ್ಲಿ ಡಾಕ್ಟರ್ ಡ್ಯುಮೊನ್ 1980ರ ದಶಕದಲ್ಲಿ ಉಸಿರು ಕಟ್ಟಿಸುವ ಗೆಡ್ಡೆಗಳನ್ನು ಲೇಸರ್‌ನಿಂದ ಸುಟ್ಟು ದಾರಿ ಬಿಡಿಸಿದರು. ಲೇಸರ್ ಹೊಡೆಯುವಾಗ ರೋಗಿಗೆ ಕೊಡುವ ಆಮ್ಲಜನಕವನ್ನು ಶೇ 40ಕ್ಕಿಂತ ಕೆಳಗಿಳಿಸಬೇಕು, ಇಲ್ಲದಿದ್ದರೆ ಶ್ವಾಸನಾಳದೊಳಗೇ ಬೆಂಕಿ ಹೊತ್ತಿಕೊಳ್ಳಬಹುದು. ಇನ್ನೊಂದು ವಿಧಾನದಲ್ಲಿ ಮೊದಲು ಬೆಳಕಿಗೆ ಕೆರಳುವ ಔಷಧಿಯನ್ನು ರಕ್ತಕ್ಕೆ ಕೊಟ್ಟು, ಒಂದೆರಡು ದಿನ ಕಾದು, ಕ್ಯಾನ್ಸರ್ ಇರುವ ಜಾಗಕ್ಕೆ ಮಾತ್ರ ಕೆಂಪು ಬೆಳಕು ಬಿಡುತ್ತಾರೆ. ಆಮೇಲೆ ರೋಗಿ ಕೆಲವು ವಾರ ಬಿಸಿಲಿಗೆ ಬರುವ ಹಾಗಿಲ್ಲ, ಚರ್ಮ ಸುಡುತ್ತದೆ.

ಇಷ್ಟೆಲ್ಲ ಆದರೂ ಮಗುವಿನ ಎದೆಯಲ್ಲಿ ಕಡಲೆಬೀಜ ಸಿಕ್ಕಿಕೊಂಡರೆ ಡಾಕ್ಟರು ಇವತ್ತಿಗೂ ಸಾಮಾನ್ಯವಾಗಿ ಕೈಗೆತ್ತಿಕೊಳ್ಳುವುದು ಕಿಲಿಯನ್ ಕಾಲದ ಥರದ ನೆಟ್ಟಗಿನ ಲೋಹದ ಕೊಳವೆಯನ್ನೇ. ಮಗುವಿಗೆ ಅರಿವಳಿಕೆ ಕೊಟ್ಟು, ಅದೇ ಕೊಳವೆಯಲ್ಲಿ ಉಸಿರೂ ಕೊಡುತ್ತಾ, ಚಿಮಟವನ್ನು ಮೆಲ್ಲಗೆ ಒತ್ತಬೇಕು. ಒಳಗೇ ನೆನೆದು ಮೆತ್ತಗಾದ ಬೀಜ ಸ್ವಲ್ಪ ಜೋರಾಗಿ ಹಿಡಿದರೂ ಪುಡಿಯಾಗಿ ಇನ್ನೂ ಕೆಳಗೆ ಜಾರುತ್ತದೆ.