ಸಿಬಿಲ್ ಮೈನಸ್ ಒಂದು: ಮೊದಲ ಕಾರಿಗೆ ಸಾಲ ಕೇಳುವವರಿಗೆ

ಅಡಿಕೆ ಕೊಯ್ಲು ಮುಗಿದ ಮೇಲೆ ತೀರ್ಥಹಳ್ಳಿ ಕಡೆಯ ಬೆಳೆಗಾರರೊಬ್ಬರು ಶಿವಮೊಗ್ಗದ ನಮ್ಮ ಬ್ಯಾಂಕ್ ಶಾಖೆಗೆ ಬಂದಿದ್ದರು. ಕೈಯಲ್ಲಿ ಸಿಬಿಲ್ (ಯಾರು ಸಾಲ ಹೇಗೆ ತೀರಿಸಿದ್ದಾರೆ ಎಂಬ ದಾಖಲೆ ಇಡುವ ಸಂಸ್ಥೆ) ವರದಿಯ ಪ್ರಿಂಟು. ಸ್ಕೋರ್ ಇರಬೇಕಾದ ಜಾಗದಲ್ಲಿ –1 ಎಂದಿತ್ತು. "ಸಾರ್, ಮೂವತ್ತು ವರ್ಷದಿಂದ ಸೊಸೈಟಿ ಸಾಲ ಒಂದು ದಿನ ತಡ ಮಾಡಿದವನಲ್ಲ ನಾನು. ನನ್ನನ್ನ ಸೊನ್ನೆಗಿಂತ ಕೆಳಗೆ ಹಾಕಿದ್ದಾರಲ್ಲ" ಅಂದರು. ಕಾರು ನೋಡಲು ಹೋದಲ್ಲಿ ಯಾರೋ "ನಿಮ್ಮ ಸಿಬಿಲ್ ಸರಿ ಇಲ್ಲ" ಎಂದುಬಿಟ್ಟಿದ್ದರಂತೆ. ಮುಖ ಸಪ್ಪಗಾಗಿತ್ತು.

ಮೊದಲು ಇದನ್ನು ಬಿಡಿಸಿ ಹೇಳುತ್ತೇನೆ. ಸಿಬಿಲ್ ಸ್ಕೋರ್ 300ರಿಂದ 900ರವರೆಗೆ ಇರುತ್ತದೆ. –1 ಅಂದರೆ ಅಂಕವೇ ಅಲ್ಲ. ನಿಮ್ಮ ಸಾಲದ ದಾಖಲೆ ಸಿಬಿಲ್ ಹತ್ತಿರ ಇಲ್ಲ ಅಂತ ಅಷ್ಟೇ ಅರ್ಥ. ಕೆಲವು ಕಡೆ ಅದನ್ನೇ ಎನ್‌ಎಚ್ (ನೋ ಹಿಸ್ಟರಿ) ಎಂದು ಬರೆದಿರುತ್ತಾರೆ. ಹಳ್ಳಿಯ ಕೃಷಿ ಪತ್ತಿನ ಸೊಸೈಟಿಯ ಲೆಕ್ಕ ಸಾಮಾನ್ಯವಾಗಿ ಅಲ್ಲಿಗೆ ಹೋಗುವುದೇ ಇಲ್ಲ. ಹಾಗಾಗಿ ಮೂರು ತಲೆಮಾರಿನಿಂದ ತೋಟ ಮಾಡಿಕೊಂಡು ಬಂದವರೂ ಕಂಪ್ಯೂಟರಿನ ಕಣ್ಣಿಗೆ ನಿನ್ನೆ ಊರಿಗೆ ಬಂದವರೇ.

ಅದೇ ತಿಂಗಳು ಇನ್ನೊಬ್ಬರು ಬಂದರು. ಹನ್ನೊಂದು ವರ್ಷ ಗಲ್ಫ್‌ನಲ್ಲಿ ನರ್ಸ್ ಆಗಿದ್ದು ರಿಪ್ಪನ್‌ಪೇಟೆಗೆ ವಾಪಸಾದವರು. ಅಲ್ಲಿ ಸಾಲ ಮಾಡಿ ಕಾರು ತಗೊಂಡು, ಪೂರ್ತಿ ತೀರಿಸಿದ್ದರು. ಆದರೆ ಆ ದೇಶದ ದಾಖಲೆ ಆ ದೇಶದಲ್ಲೇ ಉಳಿಯುತ್ತದೆ. ಇಲ್ಲಿ ಅವರದೂ –1.

ಸಾಲ ವಿಭಾಗಕ್ಕೆ ಬಂದ ಹೊಸದರಲ್ಲಿ ನಾನೂ ತಪ್ಪು ಮಾಡಿದ್ದೇನೆ. ಹೊಸನಗರಕ್ಕೆ ವರ್ಗವಾಗಿ ಬಂದಿದ್ದ ಮೇಡಂ ಒಬ್ಬರ ಅರ್ಜಿಯನ್ನು ವರದಿ ಖಾಲಿ ಇದೆ ಅಂತ ವಾಪಸ್ ಕಳಿಸಿದೆ. ಅವರು ಬೇರೆ ಕಡೆ ಜಾಸ್ತಿ ಬಡ್ಡಿಗೆ ಸಾಲ ತಗೊಂಡರು. ಖಾಲಿ ಇರುವುದು ಬೇರೆ, ಕೆಟ್ಟಿರುವುದು ಬೇರೆ. ಅದು ಗೊತ್ತಿರಬೇಕಾಗಿದ್ದವನು ನಾನು. ಆ ಬೇಸರ ಇನ್ನೂ ಹೋಗಿಲ್ಲ.

ಈಗ ವಿಷಯ ಇನ್ನಷ್ಟು ಸ್ಪಷ್ಟವಾಗಿದೆ. ಹಳೆಯ ಸಾಲದ ದಾಖಲೆ ಇಲ್ಲ ಎಂಬ ಒಂದೇ ಕಾರಣಕ್ಕೆ ಮೊದಲ ಸಲ ಸಾಲ ಕೇಳುವವರನ್ನು ತಿರಸ್ಕರಿಸಬಾರದು ಎಂದು ರಿಸರ್ವ್ ಬ್ಯಾಂಕ್ ಹೇಳಿದೆ. 2025ರಲ್ಲಿ ಹಣಕಾಸು ಸಚಿವಾಲಯ ಲೋಕಸಭೆಯಲ್ಲೂ ಅದನ್ನೇ ತಿಳಿಸಿತು. ಹಾಗಂತ ಬ್ಯಾಂಕು ಕಣ್ಣು ಮುಚ್ಚಿ ಕೊಡುವುದಿಲ್ಲ. ಆದಾಯ ನೋಡುತ್ತದೆ, ಕಾಗದ ನೋಡುತ್ತದೆ.

ಆ ಕಾಗದದಲ್ಲೇ ನಮ್ಮ ಕಡೆಯವರು ಸೋಲುತ್ತಾರೆ. ಅಡಿಕೆ ಮಂಡಿಗೆ ಹಾಕುತ್ತಾರೆ, ಪಟ್ಟಿ ಎಲ್ಲೋ ಕಳೆದಿರುತ್ತದೆ. ದುಡ್ಡು ನಗದಾಗಿ ಬಂದು ನಗದಾಗೇ ಹೋಗಿರುತ್ತದೆ. ಮಾರಾಟದ ಪಟ್ಟಿ ಮೂರು ವರ್ಷದ್ದು ಜೋಡಿಸಿಡಿ. ಹಣ ಖಾತೆಗೇ ಬರುವ ಹಾಗೆ ಮಾಡಿ. ಪಹಣಿ ಬೇಕು. ಸೊಸೈಟಿ ಪಾಸ್‌ಬುಕ್ಕನ್ನೂ ತನ್ನಿ. ಸಿಬಿಲ್‌ಗೆ ಕಾಣದೇ ಇದ್ದದ್ದು ಮ್ಯಾನೇಜರ್ ಕಣ್ಣಿಗೆ ಕಾಣಲಿ. ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲ ನಿಜ, ಆದರೂ ರಿಟರ್ನ್ಸ್ ಹಾಕಿ ಅದರಲ್ಲಿ ತೋರಿಸಬಹುದು. ಪ್ರತಿ ತಿಂಗಳ ಕಂತು ಬೆಳೆಗಾರರಿಗೆ ಕಷ್ಟ, ಕೈಗೆ ದುಡ್ಡು ಬರುವುದು ಕೊಯ್ಲಿನ ಮೇಲೆ ಅಲ್ವಾ? ಆರು ತಿಂಗಳಿಗೊಂದು ಕಂತು ಕಟ್ಟುವ ಅವಕಾಶ ಕೆಲವು ಬ್ಯಾಂಕುಗಳಲ್ಲಿದೆ. ಬಾಯಿಬಿಟ್ಟು ಕೇಳಿ. ಕೆಲಸಕ್ಕೆಂದು ಊರಿಗೆ ಹೊಸದಾಗಿ ಬಂದವರಾದರೆ ಬಾಡಿಗೆ ಕರಾರು, ನೇಮಕಾತಿ ಪತ್ರ, ಆರು ತಿಂಗಳ ಸಂಬಳ ಜಮೆಯಾದ ಸ್ಟೇಟ್‌ಮೆಂಟ್ ಇಟ್ಟುಕೊಳ್ಳಿ.

ಇನ್ನು ನನಗೆ ನಿಜಕ್ಕೂ ಸಿಟ್ಟು ಬರುವ ವಿಷಯ. ಬ್ಯಾಂಕಿನಲ್ಲಿ ಒಮ್ಮೆ ಇಲ್ಲ ಅನ್ನಿಸಿಕೊಂಡವರು "ಸಿಬಿಲ್ ಬೇಡ, ಬಡ್ಡಿ ಬರೀ 7%" ಅನ್ನುವವರ ಹತ್ತಿರ ಸಹಿ ಹಾಕಿಬಿಡುತ್ತಾರೆ. ಅದು ಫ್ಲಾಟ್ ಬಡ್ಡಿ. 5 ಲಕ್ಷಕ್ಕೆ 5 ವರ್ಷ ಅಂದರೆ ವರ್ಷಕ್ಕೆ 35,000ದಂತೆ ಬಡ್ಡಿಯೇ 1,75,000. ತಿಂಗಳ ಕಂತು 11,250. ಅಸಲು ತೀರುತ್ತಾ ಬಂದರೂ ಪೂರ್ತಿ 5 ಲಕ್ಷದ ಮೇಲೇ ಬಡ್ಡಿ. ಉಳಿದ ಬಾಕಿಯ ಮೇಲೆ 9.5% ಹಾಕುವ ಕಡೆ ಅದೇ ಸಾಲಕ್ಕೆ ಕಂತು ಸುಮಾರು 10,500. ಐದು ವರ್ಷದಲ್ಲಿ 45,000 ವ್ಯತ್ಯಾಸ! ಆ 7% ನಿಜವಾಗಿ 12.5%ಕ್ಕೆ ಸಮ. ಸಹಿಗೆ ಮುಂಚೆ ಕೆಎಫ್‌ಎಸ್ ಎಂಬ, ಸಾಲದ ಮುಖ್ಯ ವಿವರಗಳ ಪತ್ರ ಕೇಳಿ. 2024ರ ಅಕ್ಟೋಬರ್‌ನಿಂದ ಇಂಥ ಎಲ್ಲ ಸಾಲಕ್ಕೂ ಕೊಡಲೇಬೇಕು, ಅದೂ ನಿಮಗೆ ಅರ್ಥವಾಗುವ ಭಾಷೆಯಲ್ಲಿ. ಅದರಲ್ಲಿ ಎಪಿಆರ್ ಅಂತ ಒಂದು ಅಂಕಿ ಇರುತ್ತದೆ. ಖರ್ಚುಗಳೆಲ್ಲ ಸೇರಿದ ನಿಜವಾದ ದರ ಅದು. ಎರಡು ಕಡೆಯ ಸಾಲ ಹೋಲಿಸುವಾಗ ಅದನ್ನೇ ನೋಡಿ.

ಸುಮ್ನೆ ಐದಾರು ಕಡೆ ಅರ್ಜಿ ಹಾಕಬೇಡಿ. ಬ್ಯಾಂಕು ನಿಮ್ಮ ವರದಿ ತೆಗೆದು ನೋಡಿದ ಪ್ರತಿ ಸಲವೂ ಅದು ವರದಿಯಲ್ಲಿ ದಾಖಲಾಗುತ್ತದೆ.

ಜಾಮೀನಿನ ಬಗ್ಗೆಯೂ ಒಂದು ಮಾತು. ಭಾವನೋ ಚಿಕ್ಕಪ್ಪನೋ ಬಂದು ಸಹಿ ಹಾಕುವುದು ನಮ್ಮಲ್ಲಿ ದೊಡ್ಡ ಸಂಗತಿಯಲ್ಲ. ಆದರೆ ಆ ಸಾಲ ಅವರ ವರದಿಯಲ್ಲೂ ಕಾಣುತ್ತದೆ. ನೀವು ಕಂತು ತಪ್ಪಿಸಿದರೆ ನಾಳೆ ಅವರ ಮಗಳ ಓದಿನ ಸಾಲಕ್ಕೆ ತೊಂದರೆಯಾಗಬಹುದು. ಇದನ್ನು ಹೇಳಿಯೇ ಸಹಿ ಕೇಳಿ.

ಆ ಬೆಳೆಗಾರರು ಮಂಡಿ ಪಟ್ಟಿಗಳನ್ನು ಹುಡುಕಿ ತಂದರು, ಸಾಲ ಆಯಿತು. ಅರ್ಧ ವರ್ಷಕ್ಕೊಂದು ಕಂತು. ನರ್ಸ್ ಮೇಡಂಗೆ ನಾನು ಸ್ವಲ್ಪ ಕಾಯಿರಿ ಅಂದೆ. ಅವರಿಗೆ ಇಲ್ಲಿ ಕೆಲಸ ಸಿಕ್ಕಿ ಎರಡೇ ತಿಂಗಳಾಗಿತ್ತು. 25,000 ರೂಪಾಯಿ ಎಫ್‌ಡಿ ಇಟ್ಟು, ಅದರ ಮೇಲೆ ಕ್ರೆಡಿಟ್ ಕಾರ್ಡ್ ತಗೊಂಡಿದ್ದಾರೆ. ದಿನಸಿಗೆ, ಔಷಧಿಗೆ ಬಳಸಿ, ಬಿಲ್ಲು ಬಂದ ಕೂಡಲೇ ಪೂರ್ತಿ ಕಟ್ಟುತ್ತಾರೆ. ಹೀಗೆ ಸುಮಾರು ಆರು ತಿಂಗಳು ನಡೆದರೆ ಸ್ಕೋರ್ ಹುಟ್ಟುತ್ತದೆ. ವರ್ಷಕ್ಕೊಮ್ಮೆ ವರದಿ ಉಚಿತವಾಗಿ ಸಿಗುವುದರಿಂದ ಅದನ್ನು ಅವರೇ ನೋಡಿಕೊಳ್ಳಬಹುದು. ಅಲ್ಲಿಯವರೆಗೆ ಬಸ್ಸಿಗೇ ಓಡಾಡುತ್ತೇನೆ ಅಂದಿದ್ದಾರೆ.